ಬೇಕರಿ ಅಕ್ಕನ ಬಿಗಿ ತುರುಬು

ಬೇಕರಿ ಅಕ್ಕನಿಗೆ ಎರಡು ವಿಷಯದಲ್ಲಿ ಜಂಭವಿತ್ತು, ಇರಬೇಕಾದದ್ದೇ ಬಿಡಿ. ಒಂದು, ಸೊಂಟ ದಾಟುವ ಅವಳ ಕೂದಲು. ಇನ್ನೊಂದು, ಅವಳು ಹಿಟ್ಟು ನಾದಲು ನಿಂತ ಇಷ್ಟು ವರ್ಷಗಳಲ್ಲಿ ಯಾರ ಬ್ರೆಡ್ಡಿನಲ್ಲೂ ಒಂದೇ ಒಂದು ಕೂದಲು ಸಿಕ್ಕಿರಲಿಲ್ಲ. ಅಷ್ಟೂ ಕೂದಲನ್ನು ಎಳೆದು, ತಿರುಚಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ತುರುಬು ಕಟ್ಟಿ, ಅದರ ಮೇಲೆ ಬಿಳಿ ಟೋಪಿ ಹಾಕಿಕೊಂಡೇ ಅವಳು ಹಿಟ್ಟಿನ ಮೇಜಿಗೆ ಬರುತ್ತಿದ್ದಳು.

ಭಟ್ಟಿ ನೋಡಿಕೊಳ್ಳುವ ಗಂಡನಿಗೆ ಈ ರಗಳೆಯೇ ಇರಲಿಲ್ಲ. ಮೂವತ್ತು ತುಂಬುವ ಮೊದಲೇ ಅವನ ನೆತ್ತಿ ಬಯಲಾಗಿತ್ತು. ಅವನ ಅಪ್ಪನದೂ ಹಾಗೆಯೇ, ಚಿಕ್ಕಪ್ಪಂದಿರದೂ ಹಾಗೆಯೇ. ಆ ಮನೆಯ ಗಂಡಸರು ಸಾಲಾಗಿ ಕೂತರೆ ದೀಪ ಹಾಕುವುದೇ ಬೇಡ ಎಂದು ಅಕ್ಕ ಛೇಡಿಸುತ್ತಿದ್ದಳು. "ರೀ, ಸ್ವಲ್ಪ ಬಗ್ಗಿ, ತಲೆ ಬಾಚ್ಕೋಬೇಕು" ಎಂದು ಅವನ ತಲೆಯನ್ನೇ ಕನ್ನಡಿ ಮಾಡಿಕೊಂಡು ಬಾಚಣಿಗೆ ಹಿಡಿದು ನಿಲ್ಲುತ್ತಿದ್ದಳು. ಅವನೂ ಬಗ್ಗುತ್ತಿದ್ದ. ಅಂಥ ಗಂಡ ಅವನು.

ಆ ವರ್ಷ ಅಕ್ಕನಿಗೆ ಕೆಟ್ಟ ಜ್ವರ ಬಂತು. ಹಾಸಿಗೆ ಹಿಡಿದಳು, ಎದ್ದಳು, ಮತ್ತೆ ಕೆಲಸಕ್ಕೆ ನಿಂತಳು. ಬಾಯಿರುಚಿ ಮಾತ್ರ ವಾಪಸು ಬರಲಿಲ್ಲ; ಟೀಯಲ್ಲಿ ರಸ್ಕು ಅದ್ದಿ ತಿಂದು ದಿನ ದೂಡುತ್ತಿದ್ದಳು. ಎರಡು ಮೂರು ತಿಂಗಳಾಗಿ, ಜ್ವರದ ನೆನಪೂ ಮಾಸುತ್ತಿದ್ದ ಹೊತ್ತಿಗೆ, ಒಂದು ದಿನ ತಲೆಗೆ ನೀರು ಹಾಕಿಕೊಂಡಾಗ ಹಿಡಿ ಕೂದಲು ಕೈಗೇ ಬಂತು.

ಯಾರಿಗೆ ಹೇಳುವುದು? ಗಂಡನಿಗೆ ಹೇಳಲು ನಾಚಿಕೆ. ಅವನ ತಲೆಯನ್ನು ಇಷ್ಟು ವರ್ಷ ಆಡಿಕೊಂಡ ಬಾಯಿ ಅದು. ಪಕ್ಕದ ಮನೆಯ ಟೈಲರ್ ಚಿಕ್ಕಮ್ಮನ ಕಿವಿಗೆ ಹಾಕಿದಳು. ಚಿಕ್ಕಮ್ಮನಿಗೆ ತಿಳಿಯದ ರೋಗ ಲೋಕದಲ್ಲಿ ಇಲ್ಲವಲ್ಲ! ನೀರು ಸರಿಯಿಲ್ಲ ಅಂದಳು, ಶಾಂಪೂ ಸರಿಯಿಲ್ಲ ಅಂದಳು, ಟೋಪಿ ಹಾಕಿ ಹಾಕಿ ಬೇರಿಗೆ ಗಾಳಿ ಆಡ್ತಿಲ್ಲ ಅಂದಳು, ಕೊನೆಗೆ ಈರುಳ್ಳಿ ರಸ ಹಚ್ಚು ಅಂದಳು. ತಲೆಗೆ ಈರುಳ್ಳಿ ಬಳಿದುಕೊಂಡವಳು ಕೇಕಿಗೆ ಕೆನೆ ಬಳಿದರೆ ಯಾರು ತಿನ್ನುತ್ತಾರೆ? ಅಕ್ಕ ತನಗೆ ತೋಚಿದ ಮದ್ದನ್ನೇ ಮಾಡಿದಳು, ತುರುಬನ್ನು ಇನ್ನಷ್ಟು ಬಿಗಿದಳು. ಬಿಗಿದಷ್ಟೂ ಕಿವಿಯ ಮೇಲಿನ ಎಳೆಗಳು ಕಿತ್ತುಕೊಂಡು ಬಂದವು. ಆಗ ಟೋಪಿಯ ಮೇಲೆ ಇನ್ನೊಂದು ಟೋಪಿ ಹಾಕಿದಳು. ಗಂಡ ನೋಡಿಯೂ ನೋಡದವನಂತೆ ಭಟ್ಟಿಯ ಕಡೆ ತಿರುಗಿದ.

ಒಂದು ಬೆಳಿಗ್ಗೆ ಅಂಗಡಿ ತುಂಬಿದ್ದಾಗ, ಬೀದಿಯ ಕೊನೆಯ ಮನೆಯ ರಿಟೈರ್ಡ್ ಮೇಷ್ಟ್ರು ಬಂದರು. ಗಲ್ಲಾದಲ್ಲಿ ನಿಂತಿದ್ದ ಗಂಡನ ಮುಂದೆ ಕಾಗದದ ಮೇಲೆ ಬ್ರೆಡ್ಡಿನ ಹೋಳೊಂದನ್ನು ಹಿಡಿದರು. ಅದರೊಳಗಿಂದ ಉದ್ದನೆಯ ಕರಿ ಕೂದಲೊಂದು ಜೋತಾಡುತ್ತಿತ್ತು.

"ಏನಪ್ಪಾ ಇದು? ನಿಮ್ಮ ಅಂಗಡೀಲಿ ಇದನ್ನ ನೋಡ್ತೀನಿ ಅಂತ ನಾನು ಅಂದ್ಕೊಂಡಿರಲಿಲ್ಲ."

ಒಳಕೋಣೆಯಲ್ಲಿ ಅಕ್ಕನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಗಿರಾಕಿಗಳೆಲ್ಲ ಒಳಬಾಗಿಲ ಕಡೆ ಕತ್ತು ಚಾಚಿದರು. ಆ ಅಂಗಡಿಯಲ್ಲಿ ಅಷ್ಟುದ್ದ ಕೂದಲಿದ್ದದ್ದು ಒಬ್ಬಳಿಗೇ.

"ಅದು ನಂದು ಮೇಷ್ಟ್ರೇ," ಅಂದ ಗಂಡ.

ಮೇಷ್ಟ್ರು ಕನ್ನಡಕ ಏರಿಸಿ ಅವನ ತಲೆ ನೋಡಿದರು. ಫಳಫಳ ಹೊಳೆಯುತ್ತಿತ್ತು. "ನಿಂದಾ?"

"ಹೂಂ. ಉಳಿದಿದ್ದೇ ಅದೊಂದು. ಅದೂ ಹೋಯ್ತು ನೋಡಿ."

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು, ಬೇರೆ ಬ್ರೆಡ್ಡು ತೆಗೆದುಕೊಂಡು ಹೋದರು.

ಅಕ್ಕ ನಗಲಿಲ್ಲ. ಜನ ಕರಗಿದ ಮೇಲೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. "ಇನ್ನು ನಾನು ಹಿಟ್ಟು ಮುಟ್ಟಲ್ಲ ರೀ. ಯಾರನ್ನಾದ್ರೂ ಕೆಲಸಕ್ಕೆ ಇಟ್ಕೊಳ್ಳಿ. ನನ್ನ ತಲೆ..."

"ಗೊತ್ತು," ಅಂದ ಅವನು. "ಬಚ್ಚಲ ಜಾಲರಿ ದಿನಾ ಯಾರು ಕ್ಲೀನ್ ಮಾಡ್ತಿದ್ದಾರೆ ಅಂದ್ಕೊಂಡೆ? ನೋಡಿ ಸಂಕಟ ಪಡ್ತೀಯ ಅಂತ ಕೂದಲನ್ನ ನಾನೇ ತೆಗೆದು ಬಿಸಾಕ್ತಿದ್ದೆ. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ನಡಿ, ಡಾಕ್ಟ್ರ ಹತ್ರ ಹೋಗೋಣ."

ಚರ್ಮದ ಡಾಕ್ಟರಮ್ಮ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳಲೇ ಇಲ್ಲ. ಈಚೆಗೆ ಕಾಯಿಲೆ ಬಿದ್ದಿದ್ದಿರಾ, ಏನು ತಿನ್ನುತ್ತೀರಿ, ಮುಟ್ಟು ಸರಿಯಾಗಿ ಆಗುತ್ತಿದೆಯಾ, ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ ಎಂದೆಲ್ಲ ಕೇಳಿ, ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಾಗಿಯೇ ಇತ್ತು, ಕಬ್ಬಿಣದ ಅಂಶ ತಳ ಕಂಡಿತ್ತು.

"ಜೋರು ಜ್ವರ ಬಂದ್ರೆ ಎಷ್ಟೋ ಕೂದಲು ಒಟ್ಟಿಗೆ ಬೆಳೆಯೋದು ನಿಲ್ಲಿಸಿಬಿಡುತ್ತೆ. ಎರಡು ಮೂರು ತಿಂಗಳು ಬಿಟ್ಟು ಉದುರುತ್ತೆ. ಹೆರಿಗೆ ಆದವರಿಗೂ ಹೀಗಾಗುತ್ತೆ. ಹೋಗಿದ್ದು ಮತ್ತೆ ಬರುತ್ತೆ, ಸ್ವಲ್ಪ ತಾಳ್ಮೆ ಬೇಕು. ಹೊಟ್ಟೆ ತುಂಬ ಊಟ ಮಾಡಿ, ಮಾತ್ರೆ ಬರ್ದು ಕೊಡ್ತೀನಿ." ಆಮೇಲೆ ಕಿವಿಯ ಮೇಲಿನ ಬೋಳು ಜಾಗ ಮುಟ್ಟಿದರು. "ಇದು ಮಾತ್ರ ಜ್ವರದ್ದಲ್ಲಮ್ಮ, ನೀವೇ ಎಳೆದಿದ್ದು. ಹೀಗೇ ಬಿಗೀತಾ ಹೋದ್ರೆ ಇಲ್ಲಿ ಮತ್ತೆ ಹುಟ್ಟೋದೇ ಇಲ್ಲ. ತುರುಬು ಬಿಟ್ಟು ಸಡಿಲವಾಗಿ ಜಡೆ ಹಾಕಿ, ಮೇಲೆ ಬಲೆ ಟೋಪಿ ಹಾಕ್ಕೊಳ್ಳಿ."

"ಹಾಗೇ ನಂದೂ ಸ್ವಲ್ಪ ನೋಡ್ತೀರಾ?" ಎಂದು ಗಂಡ ತಲೆ ಬಗ್ಗಿಸಿದ.

"ನಿಮ್ಮದು ವಂಶದ ಆಸ್ತಿ. ಚಿಕ್ಕ ವಯಸ್ಸಲ್ಲೇ ತೋರಿಸಿದ್ರೆ ಒಂದಿಷ್ಟು ಉಳಿಸಬಹುದಿತ್ತೇನೋ," ಅಂದರು ಡಾಕ್ಟರಮ್ಮ, ನಗು ತಡೆದುಕೊಂಡು.

ಇಷ್ಟಾದರೂ ಅಕ್ಕ ಹಿಟ್ಟಿನ ಮೇಜಿಗೆ ಹೋಗಲಿಲ್ಲ. ಎಲ್ಲ ಉದುರಿ ನಿಲ್ಲುವವರೆಗೆ ಬೇಡವೆಂದು ಅದೇ ತುರುಬಿನಲ್ಲಿ ಗಲ್ಲಾದಲ್ಲಿ ಕೂತಳು. ಗಂಡನೇ ನಾದಿದ. ಭಟ್ಟಿಗೆ ಪಳಗಿದ ಕೈ ಅದು, ಹಿಟ್ಟಿಗಲ್ಲ. ಬ್ರೆಡ್ಡು ಇಟ್ಟಿಗೆಯಂತಾಯಿತು. ವಾರ ತುಂಬುವುದರೊಳಗೆ ಮೇಷ್ಟ್ರು ಮತ್ತೆ ಬಂದರು, ಈ ಸಲ ನೇರ ಅಕ್ಕನ ಮುಂದೆಯೇ ನಿಂತರು.

"ನೋಡಮ್ಮ, ಇದನ್ನ ಕಡಿಯೋಕೆ ನನ್ನ ಹಲ್ಲಿಗೆ ಆಗ್ತಿಲ್ಲ. ಕೂದಲಾದ್ರೆ ತೆಗೆದಿಟ್ಟು ತಿಂತೀನಿ. ನೀನೇ ಮಾಡು."

ಅಕ್ಕನ ಮುಖ ಕೆಂಪಾಯಿತು. ಹಾಗಾದರೆ ಅಂದು ನಕ್ಕವರಿಗೆಲ್ಲ ಅದು ಯಾರ ಕೂದಲೆಂದು ಗೊತ್ತಿತ್ತು. ಗೊತ್ತಿದ್ದೂ ಒಬ್ಬರೂ ಬ್ರೆಡ್ಡು ಬಿಟ್ಟಿರಲಿಲ್ಲ. ಅವಳು ಎದ್ದು ಹಿಂದೆ ಹೋದಳು, ಪಿನ್ನುಗಳನ್ನು ಕಿತ್ತು ತುರುಬು ಬಿಚ್ಚಿದಳು, ತೆಳ್ಳಗಾಗಿದ್ದ ಕೂದಲನ್ನು ಸಡಿಲವಾಗಿ ಹೆಣೆದು ಬಲೆ ಟೋಪಿ ಹಾಕಿಕೊಂಡಳು. ಒಳಗೆ ಗಂಡ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಒದ್ದಾಡುತ್ತಿದ್ದ.

"ಸರೀರಿ ಆ ಕಡೆ," ಅಂದಳು. "ಮತ್ತೆ ಕೂದಲು ಸಿಕ್ಕಿದ್ರೆ ನಂದೇ ಅಂತ ಹೇಳಿ. ನನಗೋಸ್ಕರ ನೀವು ನಾಲ್ಕು ಜನರ ಮುಂದೆ ಸುಳ್ಳು ಹೇಳಿ ನಗೆಪಾಟಲಾಗೋದು ಬೇಡ."

"ಸುಳ್ಳೇನು ಹೇಳ್ದೆ?" ಅವನು ಬೆರಳಿಗಂಟಿದ ಹಿಟ್ಟು ಬಿಡಿಸಿಕೊಳ್ಳುತ್ತ ಅವಳ ಬಲೆ ಟೋಪಿಯ ಕಡೆ ನೋಡಿದ. "ನನಗೆ ಅಂತ ಇರೋದೇ ನಿನ್ನ ತಲೆ ಮೇಲಿರೋ ಕೂದಲು ಕಣೇ."

ಅಕ್ಕನಿಗೆ ಕಣ್ಣು ತುಂಬಿ ಬಂತು. ಕೈ ಆಗಲೇ ಹಿಟ್ಟಿನಲ್ಲಿತ್ತು, ಒರೆಸಿಕೊಳ್ಳಲಾಗಲಿಲ್ಲ.