ಎರಡೂ ಅಂಗೈ ಕಂಡ ಮೇಲೆ

ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ಗೂಟ ಎಂದು ಕರೆಯುತ್ತಿದ್ದರು. ಅದು ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ನೆಟ್ಟ ಕಡೆ ನಿಲ್ಲುವವನು ಎಂದಷ್ಟೇ.

ದೊಡ್ಡ ಕಟ್ಟಡಗಳ ಬುಡಕ್ಕೆ ಕಂಬ ಇಳಿಸಬೇಕಾದರೆ ಮೊದಲು ಬಾವಿಯಂಥ ಗುಂಡಿ ಕೊರೆಯಬೇಕು. ಕೊರೆಯುವ ಯಂತ್ರಕ್ಕೆ ಬಾಗಿಲಿನಷ್ಟು ಅಗಲದ ಒಂದು ಬೈರಿಗೆ. ಬಡಗಿಯ ಬೈರಿಗೆಗೆ ಆನೆಕಾಲು ರೋಗ ಬಂದರೆ ಹೇಗಿರುತ್ತದೋ ಹಾಗೆ. ಅದು ತಿರುಗುತ್ತ ನೆಲದೊಳಗೆ ಇಳಿಯುತ್ತದೆ, ಅಲಗುಗಳ ತುಂಬ ಮಣ್ಣು ಹೊತ್ತು ಮೇಲೆ ಬರುತ್ತದೆ, ಪಕ್ಕಕ್ಕೆ ಹೊರಳಿ ಗಿರ್ರನೆ ತಿರುಗಿ ಮಣ್ಣು ಕೊಡವುತ್ತದೆ. ಮರಳಾದರೆ ಉದುರಿಹೋಗುತ್ತದೆ. ಜೇಡಿಯಾದರೆ ಊಟದ ಹೊತ್ತಿಗೆ ಬಂದ ನೆಂಟನ ಹಾಗೆ, ಎಷ್ಟು ಕೊಡವಿದರೂ ಏಳುವುದಿಲ್ಲ. ಆಗ ಒಬ್ಬ ಮನುಷ್ಯ ಹತ್ತಿರ ಹೋಗಿ ಉದ್ದ ಹಿಡಿಯ ಸಲಿಕೆಯಿಂದ ಹೆರೆದು ತೆಗೆಯಬೇಕು. ಗೂಟನ ಕೆಲಸ ಅದು.

ಮೇಲೆ ಗಾಜಿನ ಗೂಡಿನಲ್ಲಿ ಕೂತು ಯಂತ್ರ ನಡೆಸುತ್ತಿದ್ದವನು ಆಪರೇಟರ್. ಇಂಜಿನ್ನಿನ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ, ಹಾಗಾಗಿ ಇಬ್ಬರ ವ್ಯವಹಾರವೆಲ್ಲ ಕೈಸನ್ನೆಯಲ್ಲೇ. ಮೊದಲು ಬೈರಿಗೆಯ ತುದಿ ನೆಲಕ್ಕೆ ಊರಬೇಕು. ಆಮೇಲೆ ಆಪರೇಟರ್ ಯಂತ್ರ ತಿರುಗದಂತೆ ತಡೆಯುವ ಬೀಗದ ಹಿಡಿಕೆ ಎತ್ತಿ, ತನ್ನ ಎರಡೂ ಅಂಗೈಗಳನ್ನು ಗಾಜಿಗೆ ಹಿಡಿಯಬೇಕು: ನನ್ನ ಕೈ ಯಾವುದರ ಮೇಲೂ ಇಲ್ಲ, ಬಾ. ಒಂದೇ ಅಂಗೈ ತೋರಿಸಿದರೆ, ತಡಿ. ಎರಡೂ ಕಾಣುವ ತನಕ ಗೂಟ ತನ್ನ ಜಾಗ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಹೆರೆದು ಮುಗಿಸಿ ಹಿಂದಕ್ಕೆ ಬಂದು, ಗುಂಡಿಯ ಬಾಯಿಗೆ ಇಳಿಸಿದ್ದ ಕಬ್ಬಿಣದ ಕೊಳವೆಗೆ ಸಲಿಕೆಯಿಂದ ಮೂರು ಸಲ ಬಡಿದು, ಕೈ ಮೇಲೆತ್ತುತ್ತಿದ್ದ: ನಾನು ಹೊರಗಿದ್ದೇನೆ, ನಡೆಸು. ಬಡಿತ ಅಕ್ಕಪಕ್ಕದವರ ಎಚ್ಚರಿಕೆಗೆ. ಎತ್ತಿದ ಕೈ ಆಪರೇಟರಿಗೆ.

ಉಡುಪಿನಲ್ಲೂ ಅವನು ಕಟ್ಟುನಿಟ್ಟು. ತೋಳಿನ ಗುಂಡಿ ಹಾಕಿರಬೇಕು, ಅಂಗಿ ಒಳಗಿರಬೇಕು, ಕೊರಳಿಗೆ ಬಟ್ಟೆ ಸುತ್ತಬಾರದು. ಹಿಂದೊಮ್ಮೆ ಬೇರೊಂದು ಕಡೆ ಕೊರಳಿಗೆ ಬಟ್ಟೆ ಸುತ್ತಿಕೊಂಡು ಬಂದವನೊಬ್ಬನನ್ನು ಬೈರಿಗೆ ಬಟ್ಟೆಯ ತುದಿಯಿಂದಲೇ ಪರಿಚಯ ಮಾಡಿಕೊಂಡಿತ್ತು. ಪರಿಚಯ ಅಲ್ಲಿಗೇ ಮುಗಿಯಲಿಲ್ಲ. ಅದನ್ನು ಕಂಡ ಮೇಲೆ ಗೂಟ ಸಲಿಕೆಯನ್ನೂ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಯಂತ್ರ ಕಸಿದುಕೊಂಡರೆ ಕೊಟ್ಟುಬಿಡಬೇಕು, ಎಳೆದಾಡಬಾರದು. ಸಲಿಕೆ ಮತ್ತೆ ಸಿಗುತ್ತದೆ, ಕೈ ಎಲ್ಲೂ ಬಿಡಿಯಾಗಿ ಮಾರಾಟಕ್ಕಿಲ್ಲ.

ಅವನು ಇದ್ದದ್ದು ಮೂರು ಅಂತಸ್ತಿನ ಮನೆಯ ತಾರಸಿಯ ಕೋಣೆಯಲ್ಲಿ, ನೀರಿನ ತೊಟ್ಟಿಯ ಪಕ್ಕ. ಒಂದು ಮಂಚ, ಒಂದು ಒಲೆ, ಬಟ್ಟೆ ಹಾಕುವುದಕ್ಕಷ್ಟೇ ಬಳಸುವ ಒಂದು ಕುರ್ಚಿ. ಹೆಂಡತಿ ಹೋದ ಮೇಲೆ ಆ ಕುರ್ಚಿಯಲ್ಲಿ ಮನುಷ್ಯರು ಕೂತದ್ದಿಲ್ಲ. ಕೋಣೆಯಲ್ಲಿ ಮಾತಾಡುವುದೆಂದರೆ ತುಂಬಿ ಹರಿದಾಗ ತೊಟ್ಟಿ, ರಜೆಯ ದಿನ ಫೋನಿನಲ್ಲಿ ಅಕ್ಕ. ಉಳಿದ ಮಾತೆಲ್ಲ ಆಪರೇಟರನ ಕೈಗಳದ್ದು. ಮಧ್ಯಾಹ್ನ ಆಪರೇಟರ್ ಗೂಡಿನಲ್ಲೇ ಊಟ ಬಿಚ್ಚುತ್ತಿದ್ದ, ಗೂಟ ದೂರದಲ್ಲಿ ಕೊಳವೆಗಳ ರಾಶಿಯ ನೆರಳಿನಲ್ಲಿ. ಚಹಾದ ಲೋಟ ಅಲ್ಲಿಂದ ಮೇಲೇಳುತ್ತಿತ್ತು, ಇಲ್ಲಿಂದಲೂ ಏಳುತ್ತಿತ್ತು. ಸಂಜೆ ಆಪರೇಟರ್ ಕಂಪನಿಯ ಜೀಪು ಹತ್ತುತ್ತಿದ್ದ, ಗೂಟ ಬಸ್ಸು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಒಬ್ಬರ ಮನೆಗೆ ಒಬ್ಬರು ಹೋದದ್ದಿಲ್ಲ. ಕೆಲವರ ಮದುವೆ ಇದಕ್ಕಿಂತ ಕಡಿಮೆ ಮಾತಿನಲ್ಲಿ ನಡೆಯುತ್ತದೆ, ಆದ್ದರಿಂದ ಇದನ್ನು ಸ್ನೇಹವಲ್ಲ ಎನ್ನಲು ಬರುವುದಿಲ್ಲ.

ಒಂದು ಮೋಡದ ದಿನ ಗೂಟನಿಗೆ ಅನುಮಾನ ಬಂತು. ಕೈ ಎತ್ತಿದರೆ ಆಪರೇಟರ್ ನೋಡಿದ್ದು ಅವನನ್ನಲ್ಲ, ಅವನ ಪಕ್ಕದ ಗಾಳಿಯನ್ನು. ಮರುದಿನ ಚಹಾದ ಲೋಟ ಎತ್ತಿದ, ಅಲ್ಲಿಂದ ಲೋಟ ಏಳಲಿಲ್ಲ. ಗೂಟ ಅನುಭವಸ್ಥ ಗಿರಾಕಿಯ ಹಾಗೆ ಸರಕನ್ನು ಉಜ್ಜಿ ನೋಡಿದ. ಮಣ್ಣು ಹೆರೆದು ಹಿಂದಕ್ಕೆ ಬಂದು, ಮೂರು ಸಲ ಬಡಿದು, ಬೇಕೆಂದೇ ತಪ್ಪು ಸನ್ನೆ ಮಾಡಿದ. ತೋಳುಗಳೆರಡನ್ನೂ ತಲೆಯ ಮೇಲೆ ಅಡ್ಡಡ್ಡ ಹಿಡಿದ. ಅದು ಎಲ್ಲವನ್ನೂ ನಿಲ್ಲಿಸು ಎಂಬ ಸನ್ನೆ. ಯಾರು ಬೇಕಾದರೂ ಮಾಡಬಹುದು, ಮಾಡಿದರೆ ಯಂತ್ರ ನಿಲ್ಲಲೇಬೇಕು.

ಬೈರಿಗೆ ಗಿರ್ರನೆ ತಿರುಗಿ ಗುಂಡಿಯ ಕಡೆ ಹೊರಟಿತು. ಆಪರೇಟರ್ ಗಾಜಿನ ಹಿಂದಿನಿಂದ, ಪಕ್ಕದ ಗಾಳಿಗೆ ಸಣ್ಣಗೆ ತಲೆಯಾಡಿಸಿದ.

ಆ ರಜೆಯ ದಿನ ಫೋನಿನಲ್ಲಿ ಅಕ್ಕ ಎಂದಿನಂತೆ ಊಟದ ವಿಚಾರಣೆಯಿಂದ ಶುರು ಮಾಡಿದಳು. ಅವನು ಸುತ್ತಿ ಬಳಸಿ ವಿಷಯಕ್ಕೆ ಬಂದ.

"ಅಕ್ಕಾ, ಒಬ್ಬನಿಗೆ ಕಣ್ಣು ಮಂಜಾಗಿದೆ ಅಂತಿಟ್ಟುಕೋ. ಅವನ ಕೆಲಸಕ್ಕೆ ಕಣ್ಣೇ ಬೇಕು."

"ಡಾಕ್ಟರಿಗೆ ತೋರಿಸ್ಲಿ."

"ತೋರಿಸಿದ್ರೆ ಕೆಲಸದಿಂದ ಇಳಿಸ್ತಾರೆ."

"ಯಾರೋ ಅದು? ನೀನಾ?"

"ನಾನಲ್ಲ. ಜೊತೆಗಾರ."

"ಜೊತೆಗಾರನಾ? ನಿನಗೆ ಜೊತೆಗಾರ ಬೇರೆ ಇದಾನಾ? ಇಷ್ಟು ವರ್ಷದಲ್ಲಿ ಒಂದು ದಿನ ಹೇಳಲಿಲ್ಲವಲ್ಲೋ, ಕಳ್ಳ." ಅಕ್ಕ ನಕ್ಕಳು. ನಗು ಮುಗಿದ ಮೇಲೆ ಕೇಳಿದಳು, "ಅವನ ಕಣ್ಣು ಹೋದ್ರೆ ಪೆಟ್ಟು ಯಾರಿಗೆ ಬೀಳುತ್ತೆ?"

"ಮೊದಲು ನನಗೇ."

"ಹಾಗಾದ್ರೆ ನನ್ನನ್ಯಾಕೆ ಕೇಳ್ತೀಯ? ನಿನ್ನ ಮೈ ನಿನಗೆ ಭಾರ ಆಗಿದೆಯಾ?"

ಅವನು ತೊಟ್ಟಿ ತುಂಬಿತು ಎಂದು ಫೋನಿಟ್ಟ. ತೊಟ್ಟಿ ತುಂಬಿರಲಿಲ್ಲ.

ಹೇಳಿದರೆ ಆಪರೇಟರನನ್ನು ಮರುದಿನವೇ ಮನೆಗೆ ಕಳಿಸುತ್ತಾರೆ, ಗಾಜಿನ ಹಿಂದೆ ಬೇರೆ ಯಾರೋ ಕೂರುತ್ತಾರೆ. ಗೂಟನ ದಿನದಲ್ಲಿ ಮನುಷ್ಯನೆಂದು ಇದ್ದದ್ದು ಆ ಒಂದು ಜೊತೆ ಅಂಗೈ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಹೀಗಾಗಿ ಅವನು ಬುದ್ಧಿವಂತರು ಮಾಡುವ ದಡ್ಡತನ ಮಾಡಿದ. ಹರಿದ ಅಂಗಿಗೆ ತೇಪೆ ಹಾಕಿದ. ಕೈಸನ್ನೆ ಮಾಡುವ ಕಡೆಯೆಲ್ಲ ಜೊತೆಗೊಂದು ಬಡಿತ ಸೇರಿಸಿದ. ಬೈರಿಗೆ ಕೆಳಗಿಳಿಯಲಿ ಎಂದರೆ ಒಂದು, ನಿಲ್ಲು ಎಂದರೆ ಎರಡು, ನಾನು ಹೊರಗಿದ್ದೇನೆ ಎಂದರೆ ಮೊದಲಿನ ಮೂರೇ, ಆದರೆ ಗಟ್ಟಿಯಾಗಿ. ಕಬ್ಬಿಣದ ಸದ್ದು ಇಂಜಿನ್ನಿನ ಸದ್ದನ್ನು ಸೀಳಿಕೊಂಡು ಹೋಗುತ್ತಿತ್ತು. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಆದರೂ ಆಪರೇಟರ್ ಆ ಲೆಕ್ಕವನ್ನು ಎರಡೇ ದಿನದಲ್ಲಿ ಹಿಡಿದ. ಅವನ ಕೈಗಳಲ್ಲಿ ಮೊದಲಿನ ಧೈರ್ಯ ಬಂತು. ಚಹಾಕ್ಕೂ ಒಂದು ಬಡಿತ ಸಾಕಾಯಿತು; ಲೋಟ ಮತ್ತೆ ಮೇಲೆದ್ದಿತು. ಗೂಟನಿಗೆ ತನ್ನ ಜಾಣತನದ ಮೇಲೆ ಸ್ವಲ್ಪ ಅಭಿಮಾನವೂ ಆಯಿತು.

ಆ ಜಾಗದಲ್ಲಿ ಕಂಬಿ ಕಟ್ಟುವವನೊಬ್ಬನಿದ್ದ. ಗುಂಡಿಗೆ ಇಳಿಸುವ ಕಬ್ಬಿಣದ ಪಂಜರ ಹೆಣೆಯುವುದು ಅವನ ಕೆಲಸ, ಸಿಕ್ಕವರ ಕಾಲೆಳೆಯುವುದು ಹವ್ಯಾಸ.

"ಏನ್ ಗೂಟ, ಇತ್ತೀಚೆಗೆ ಭಾರಿ ವಾದ್ಯ ಬಾರಿಸ್ತೀಯ. ಯಾರ ಮದುವೆ?"

"ನಿಂದೇ. ಹುಡುಗಿ ಒಪ್ಪಲಿ ಅಂತ ಕಾಯ್ತಾ ಇದೀವಿ."

"ನನಗಾಗಲೇ ನಾಲ್ಕು ಮಕ್ಕಳಿದಾವೆ ಮಾರಾಯ."

"ಹುಡುಗಿ ಇನ್ನೂ ಒಪ್ಪಿಲ್ಲ ಅಂತ ಕೇಳಿದೆ."

ಕಂಬಿಯವನು ನಗುತ್ತ ತನ್ನ ಕೆಲಸಕ್ಕೆ ಹೋದ. ಆವತ್ತು ಜೇಡಿ ಬಹಳ ಅಂಟಿನದು. ಬೈರಿಗೆ ಮೇಲೆ ಬಂತು, ಕೊಡವಿತು, ಉದುರಲಿಲ್ಲ. ತುದಿ ನೆಲಕ್ಕೆ ಊರಿತು. ಎರಡೂ ಅಂಗೈ ಕಂಡವು. ಗೂಟ ಗುಂಡಿಯ ಮೇಲೆ ಜಾಲರಿ ಎಳೆದು ಮುಚ್ಚಿ, ಹತ್ತಿರ ಹೋಗಿ, ಸಲಿಕೆಯನ್ನು ಅಲಗುಗಳ ನಡುವೆ ಹಾಕಿ ಹೆರೆಯತೊಡಗಿದ. ಅಷ್ಟರಲ್ಲಿ ಬೆನ್ನ ಹಿಂದೆ ಕಂಬಿಯವನು ಒಂದು ಸೊಟ್ಟ ಕಂಬಿಯನ್ನು ನೇರ ಮಾಡಲು ಸುತ್ತಿಗೆ ಎತ್ತಿ ಹೊಡೆದ.

ಠಣ್. ಠಣ್. ಠಣ್.

ಬೈರಿಗೆ ತಿರುಗಿತು. ಸಲಿಕೆ ಗೂಟನ ಕೈಯಿಂದ ಹಾರಿಹೋಗಿ ಅಲಗಿಗೆ ಸಿಕ್ಕಿ, ಹಪ್ಪಳದಂತೆ ಮಡಚಿಕೊಂಡು, ಒಂದು ಸುತ್ತು ಹೊಡೆದು ದೂರ ಬಿತ್ತು. ಗೂಟ ಹಿಂದಕ್ಕೆ ಬಿದ್ದ. ಬೆರಳು ಮುಟ್ಟಿ ನೋಡಿಕೊಂಡ. ಎಲ್ಲವೂ ಇದ್ದವು. ಸಡಿಲವಾಗಿ ಹಿಡಿದದ್ದಕ್ಕೆ ಇದ್ದವು. ಕೂತಲ್ಲೇ ತೋಳುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದ. ಬೈರಿಗೆ ತಿರುಗುತ್ತಲೇ ಇತ್ತು. ಕಂಬಿಯವನೇ ಓಡಿಹೋಗಿ ಯಂತ್ರದ ಬದಿಯಲ್ಲಿದ್ದ ಕೆಂಪು ಗುಂಡಿ ಒತ್ತಿ ಇಂಜಿನ್ ನಿಲ್ಲಿಸಿದ.

ಸದ್ದು ನಿಂತಾಗ ಜಾಗವೆಲ್ಲ ಅಪರಿಚಿತವಾಗಿ ಕಂಡಿತು. ದೂರದ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದ್ದು ಕೇಳಿಸಿತು. ಮೇಸ್ತ್ರಿ ಕೊಡೆ ಹಿಡಿದು ಕೆಸರಿನಲ್ಲಿ ಬರತೊಡಗಿದ. ಅವನು ಬಂದು ಮುಟ್ಟುವ ಮೊದಲು ಗೂಟ ಏಣಿ ಹತ್ತಿ ಗಾಜಿನ ಗೂಡಿನ ಬಾಗಿಲು ತೆಗೆದ. ಇಷ್ಟು ವರ್ಷದಲ್ಲಿ ಅಲ್ಲಿಗೆ ಹತ್ತಿದ್ದು ಅದೇ ಮೊದಲು. ಒಳಗೆ ಚಹಾ, ಗ್ರೀಸು, ಹಳೆಯ ಸೀಟಿನ ವಾಸನೆ. ಆಪರೇಟರ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ನೋಡುತ್ತಿದ್ದ.

"ಯಾರಿಗೆ ಏನಾಯ್ತು?" ಎಂದ.

"ಸಲಿಕೆಗೆ."

"ನೀನಾ?" ಆಪರೇಟರ್ ಸದ್ದು ಬಂದ ಕಡೆ ತಿರುಗಿದ. "ನಿನ್ನ ದನಿ ಹೀಗಿದೆ ಅಂತ ಗೊತ್ತಿರಲಿಲ್ಲ. ದಪ್ಪ ದನಿ ಅಂದ್ಕೊಂಡಿದ್ದೆ."

"ಎಷ್ಟು ದಿನದಿಂದ ಕಾಣ್ತಿಲ್ಲ?"

"ನಿನ್ನ ಮುಖ ಯಾವತ್ತೋ ಹೋಯ್ತು. ಟೋಪಿ ಕಾಣ್ತಿತ್ತು. ಆಮೇಲೆ ಅದೂ ಒಂದು ಹಳದಿ ಚುಕ್ಕಿ. ನೀನು ಬಡಿಯೋಕೆ ಶುರು ಮಾಡಿದಾಗ, ಸರಿ, ಇವನಿಗೆ ಗೊತ್ತಾಗಿದೆ, ನಡೆಸ್ಕೊಂಡು ಹೋಗ್ತಾನೆ ಅಂದ್ಕೊಂಡೆ. ಈ ಜಾಗದ ಕೆಲಸ ಮುಗಿಯೋ ತನಕ ನಡೆಸು ಮಾರಾಯ. ಮೇಸ್ತ್ರಿಗೆ ಸಲಿಕೆ ಜಾರಿತು ಅನ್ನು. ಜಾರೋದಿಲ್ವಾ?"

"ಜಾರುತ್ತೆ."

"ಮತ್ತೆ?"

ಗೂಟ ಗಾಜಿನಾಚೆ ನೋಡಿದ. ಮೇಲಿನಿಂದ ತನ್ನ ಜಾಗ ಹೇಗೆ ಕಾಣುತ್ತದೆಂದು ಅವನು ಯಾವತ್ತೂ ನೋಡಿರಲಿಲ್ಲ. ಒಂದು ತಟ್ಟೆಯಷ್ಟು ಗಟ್ಟಿಯಾದ ನೆಲ, ಸುತ್ತ ಕೆಸರು. ಈಗ ಅಲ್ಲಿ ಕಂಬಿಯವನು ಮಡಚಿದ ಸಲಿಕೆ ಹಿಡಿದುಕೊಂಡು ನಿಂತಿದ್ದ, ಹವ್ಯಾಸ ಮರೆತು. ನಾಲ್ಕು ಮಕ್ಕಳ ತಂದೆ. ಇಂದು ಸಲಿಕೆ ತನ್ನದಾಗಿತ್ತು. ನಾಳೆ ಏನನ್ನೋ ಎತ್ತಿಕೊಳ್ಳಲು ಅವನೂ ಬೈರಿಗೆಯ ಹತ್ತಿರ ಬರಬಹುದು. ಆಗ ಎಲ್ಲೋ ಯಾರೋ ಕಬ್ಬಿಣಕ್ಕೆ ಬಡಿಯಬಹುದು. ಕಬ್ಬಿಣದ ಕೆಲಸದ ಜಾಗದಲ್ಲಿ ಕಬ್ಬಿಣಕ್ಕೆ ಬಡಿಯಬೇಡಿ ಎಂದು ಹೇಳುವುದು ಸಂತೆಯಲ್ಲಿ ಕೂಗಬೇಡಿ ಎಂದ ಹಾಗೆ.

"ನಾನು ಹೇಳ್ತೀನಿ," ಎಂದ ಗೂಟ.

"ನೀನು ಹೇಳ್ತೀಯ," ಎಂದ ಆಪರೇಟರ್. ಸಿಟ್ಟಿರಲಿಲ್ಲ. ಬೆಲೆ ಕೇಳಿ, ಬೇಡವೆಂದು ಎದ್ದು ಹೋಗುವವನ ದನಿಯಿತ್ತು.

ಗೂಟ ಇಳಿದು ಬಂದು ಮೇಸ್ತ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ತಾನು ಹಾಕಿದ ತೇಪೆಯನ್ನೂ ಸೇರಿಸಿ. ಮೇಸ್ತ್ರಿ ಇಬ್ಬರಿಗೂ ಸಮನಾಗಿ ಬೈದ. ಬೈಗುಳ ಹಂಚುವುದರಲ್ಲಿ ಅವನು ನ್ಯಾಯವಂತ. ಆಪರೇಟರ್ ಏಣಿಯ ಮೆಟ್ಟಿಲುಗಳನ್ನು ಕಾಲಿನಿಂದ ತಡವಿ ತಡವಿ ಇಳಿದು, ಊಟದ ಡಬ್ಬಿ ಹಿಡಿದು, ಜೀಪಿನ ಸದ್ದಿನ ಕಡೆ ನಡೆದ. ಗೂಟನ ಪಕ್ಕದಲ್ಲೇ ಹಾದುಹೋದ. ಕಾಣಲಿಲ್ಲವೋ, ಕಾಣಬಾರದೆಂದೋ ತಿಳಿಯಲಿಲ್ಲ.

ಹೊಸ ಆಪರೇಟರ್ ಬಂದ. ಹದ್ದಿನ ಕಣ್ಣು. ಅಂಗೈ ತೋರಿಸಬೇಕಾದಾಗ ತೋರಿಸುತ್ತಿದ್ದ, ನಿಲ್ಲಿಸಬೇಕಾದಾಗ ನಿಲ್ಲಿಸುತ್ತಿದ್ದ, ಒಂದು ದಿನವೂ ತಪ್ಪಿಲ್ಲ. ಮಧ್ಯಾಹ್ನ ಮಾತ್ರ ತಲೆ ತಗ್ಗಿಸಿ ಫೋನು ನೋಡುತ್ತ ಉಣ್ಣುತ್ತಿದ್ದ. ಗೂಟ ಒಂದೆರಡು ದಿನ ಲೋಟ ಎತ್ತಿದ. ಆಮೇಲೆ ಚಹಾವನ್ನು ಚಹಾದ ಹಾಗೆ ಕುಡಿಯತೊಡಗಿದ. ಇಷ್ಟು ಸುರಕ್ಷಿತವಾಗಿ ಅವನು ಹಿಂದೆಂದೂ ಇರಲಿಲ್ಲ.

ಒಂದು ರಜೆಯ ದಿನ ಜೀಪಿನ ಚಾಲಕನನ್ನು ಕೇಳಿ ವಿಳಾಸ ತಿಳಿದುಕೊಂಡು ಗೂಟ ಬಸ್ಸು ಹತ್ತಿದ. ಇಕ್ಕಟ್ಟಾದ ಬೀದಿ, ಒಣಗಲು ಹಾಕಿದ ಬಟ್ಟೆಗಳು, ಕೊನೆಯಲ್ಲಿ ಕಬ್ಬಿಣದ ಗೇಟಿನ ಪುಟ್ಟ ಮನೆ. ಮುಂದಿನ ಜಗಲಿಯಲ್ಲಿ ಆಪರೇಟರ್ ಕೂತಿದ್ದ, ಕೈಯಲ್ಲಿ ಚಹಾದ ಲೋಟ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಅವನ ಹೆಂಡತಿ ಒಳಗಿನಿಂದ ಬಂದು, "ಯಾರು ಬೇಕಿತ್ತು?" ಎಂದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಗೂಟ ಬದಿಗಿಟ್ಟ. ದನಿ ಕೇಳಿದರೆ ಆಪರೇಟರ್ ಎದ್ದು ಒಳಗೆ ಹೋಗಬಹುದು. ಆ ದನಿ ಅವನು ಕೇಳಿದ್ದು ಒಂದೇ ಸಲ, ಕೇಳಬಾರದ ಮಾತಿಗೆ. ಗೂಟ ಗೇಟಿನ ಸರಳಿಗೆ ಬಸ್ಸಿನ ಚಿಲ್ಲರೆಯಿಂದ ಮೂರು ಸಲ ಬಡಿದ.

ಹೆಂಡತಿಗೆ ತಲೆಬುಡ ತಿಳಿಯಲಿಲ್ಲ. ಆಪರೇಟರನಿಗೆ ತಿಳಿಯಿತು. ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಮುಖ ಗೇಟಿನ ಕಡೆಗೆ ತಿರುಗಿತು, ಸ್ವಲ್ಪ ಪಕ್ಕದ ಗಾಳಿಯ ಕಡೆಗೆ.

"ಯಾರ್ರೀ ಅದು?" ಎಂದಳು ಹೆಂಡತಿ.

ಬಹಳ ಹೊತ್ತಿನ ಮೇಲೆ ಆಪರೇಟರನ ಒಂದು ಕೈ ಮೇಲೆದ್ದಿತು, ಅಂಗೈ ಹೊರಗೆ ಮಾಡಿ. ಇನ್ನೊಂದು ಕೈ ಲೋಟವನ್ನು ಬಿಡಲಿಲ್ಲ.

ಒಂದೇ ಅಂಗೈ: ತಡಿ. ಗೇಟಿಗೆ ಬೀಗವಿರಲಿಲ್ಲ, ಚಿಲಕವೂ ಹಾಕಿರಲಿಲ್ಲ. ಹೆಂಡತಿ, "ಒಳಗೆ ಬನ್ನಿ ಪರವಾಗಿಲ್ಲ, ಯಾಕೆ ಬಿಸಿಲಲ್ಲಿ ನಿಂತಿದೀರಾ," ಎಂದು ಕರೆದಳು. ಗೂಟ ತಲೆಯಾಡಿಸಿ, ಅಂಗಿಯ ತೋಳಿನ ಗುಂಡಿ ಮುಟ್ಟಿ ನೋಡಿಕೊಂಡು, ಲೋಟ ಹಿಡಿದ ಆ ಕೈಯನ್ನೇ ನೋಡುತ್ತ ಗೇಟಿನ ಹೊರಗೆ ನಿಂತ.