ಎದುರಿನ ಮೇಜು, ಮೀನಿನ ತಲೆ

ಹೋಟೆಲು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನಾನು ಮೊಬೈಲಿನಲ್ಲಿ ನಕ್ಷತ್ರ ಎಣಿಸುವವಳಲ್ಲ. ಒಬ್ಬಳೇ ಒಳಗೆ ಹೋಗಿ, ರಸ್ತೆಗೆ ಮುಖ ಮಾಡಿದ ಎದುರಿನ ಮೇಜಿನಲ್ಲಿ ಕೂರುತ್ತೇನೆ. 'ಫ್ಯಾಮಿಲಿ ರೂಮ್ ಒಳಗಿದೆ' ಎಂದು ಯಾರಾದರೂ ಪರದೆಯ ಕಡೆ ಕೈ ತೋರಿಸಿದರೆ ನನ್ನ ಲೆಕ್ಕದಲ್ಲಿ ಆ ಹೋಟೆಲಿನ ಅರ್ಧ ಮರ್ಯಾದೆ ಹೋಯಿತು. ಮೀನಿನ ತಲೆ ಕೇಳಿದಾಗ ಮೇಲಿಂದ ಕೆಳಗೆ ನೋಡಿದರೆ ಉಳಿದರ್ಧವೂ ಹೋಯಿತು.

ಹೊಲಿಗೆ ಕಲಿಸುವುದು ನನ್ನ ಕೆಲಸ. ಸೋಮವಾರ ಬ್ರಹ್ಮಾವರ, ಬುಧವಾರ ಕುಂದಾಪುರ, ಶುಕ್ರವಾರ ಬೈಂದೂರು. ಮನೆ ಕೋಟೇಶ್ವರದಲ್ಲಿ. ಬುತ್ತಿ ಕಟ್ಟಿಕೊಂಡು ಹೋಗಬಾರದಾ ಎಂದು ಮನೆಯವರು ಇವತ್ತಿಗೂ ಕೇಳುತ್ತಾರೆ. ಯಾಕೆ ಕಟ್ಟಬೇಕು? ನಾನೇ ಬೇಯಿಸಿದ್ದನ್ನು ನಾನೇ ತಿಂದು ನನಗೆ ಸಾಕುಸಾಕಾಗಿದೆ. ಬ್ರಹ್ಮಾವರದಲ್ಲಿ ಬಿಸಿ ಗೋಳಿಬಜೆಗೆ ಕಾದು ಬಸ್ಸು ತಪ್ಪಿಸಿಕೊಂಡಿದ್ದೇನೆ, ಅದಕ್ಕೆ ಬೇಜಾರೂ ಇಲ್ಲ.

ಆದರೆ ನಾನು ಊರೂರು ಹುಡುಕಿದ್ದು ಮೀನಿನ ತಲೆಯನ್ನು. ತವರಿನಲ್ಲಿ ಅಂಜಲ್ ಮೀನು ತಂದ ದಿನ ತಲೆ ಅಪ್ಪನಿಗೆ, ನಡು ತುಂಡು ಅಣ್ಣಂದಿರಿಗೆ, ಬಾಲ ನನಗೆ, ಅಮ್ಮನಿಗೆ ಬರೀ ಸಾರು. "ಹೆಣ್ಮಕ್ಳ್ ತಲೆ ಚೀಪೂಕಾಗ" ಎನ್ನುತ್ತಿದ್ದರು, ಚೀಪಬಾರದಂತೆ. ಮದುವೆಯಾಯಿತು, ಮನೆ ಬದಲಾಯಿತು, ಬಾಲ ಮಾತ್ರ ಬದಲಾಗಲಿಲ್ಲ. ಕೆಲಸಕ್ಕೆಂದು ತಿರುಗಲು ಶುರುಮಾಡಿದ ಮೇಲೆ ಕುಂದಾಪುರದ ಒಂದು ಸಣ್ಣ ಹೋಟೆಲಿನಲ್ಲಿ, ಬಡಿಸುವ ಮುದುಕರೊಬ್ಬರು ಏನೂ ಕೇಳದೆ ತಲೆಯ ಹೋಳನ್ನು ನನ್ನ ತಟ್ಟೆಗೆ ಹಾಕಿ ಹೋದರು. ಕಣ್ಣಿನ ಹಿಂದಿನ ಮೆತ್ತನೆ ಮಾಂಸ ಬಾಯಿಗೆ ಹೋದಾಗ ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಇಷ್ಟು ವರ್ಷ ಇದನ್ನಾ ಇವರೆಲ್ಲ ನನಗೆ ಕೊಡದೆ ತಿಂದದ್ದು?

ಬೈಂದೂರಿನ ಹೋಟೆಲು ಗಂಡ ಹೆಂಡತಿ ಇಬ್ಬರೇ ನಡೆಸುವುದು. ಎದುರಿಗೆ ದುಡ್ಡಿನ ಗಲ್ಲೆಯಲ್ಲಿ ಅವನು, ಒಳಗೆ ಒಲೆಯ ಮುಂದೆ ಆಕೆ. ಸಾರಿನ ಪರಿಮಳಕ್ಕೆ ಹೆದ್ದಾರಿಯಲ್ಲಿ ಹೋಗುವವರೂ ಗಾಡಿ ನಿಲ್ಲಿಸುತ್ತಾರೆ. ಆರು ತಿಂಗಳು ಪ್ರತಿ ಶುಕ್ರವಾರ ತಲೆ ಕೇಳಿದೆ. ಪ್ರತಿ ಶುಕ್ರವಾರವೂ ಖಾಲಿ ಎಂದ. ನನ್ನ ಹಿಂದಿನ ಮೇಜಿಗೆ ಮಾತ್ರ ಅದು ಹೇಗೋ ಬರುತ್ತಿತ್ತು. ಒಂದು ದಿನ ಬೇಕೆಂದೇ ಬೇಗ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಆಕೆ ಎರಡು ಹೋಳು ತಲೆಯನ್ನು ಬೋಗುಣಿಗೆ ತೆಗೆದಿಡುವುದು ಕಂಡಿತು.

"ಇವತ್ತ್ ತಲೆ ಇತ್ತ್ ಅಲ್ದಾ?" ಎಂದು ಗಲ್ಲೆಯಲ್ಲಿದ್ದವನನ್ನು ಕೇಳಿದೆ.

"ಅದ್ ದಿನಾ ಬಪ್ಪ ಗಿರಾಕಿಗಳಿಗೆ ಇಟ್ಟದ್ದ್ ಅಕ್ಕ. ನೀವ್ ಫ್ಯಾಮಿಲಿ ರೂಮಲ್ಲ್ ಕೂಕಣಿ, ನಡು ತುಂಡ್ ಕೊಡ್ತೆ."

"ಅವ್ರ್ ಇನ್ನೂ ಬರ್ಲಿಲ್ಲೆ. ನಾನ್ ಬಂದ್ ಕೂತಾಯ್ತ್."

"ಹೆಂಗಸ್ರಿಗೆ ತಲೆ ಎಂತಕ್ಕೆ? ಮುಳ್ಳ್ ಜಾಸ್ತಿ."

"ಮುಳ್ಳ್ ತೆಗುಕೆ ನಂಗೆ ಹೇಳಿ ಕೊಡ್ತ್ರಿಯಾ? ಸಣ್ಣ ಮಗು ಇಪ್ಪತಿಗೆ ನಿಮ್ಗೆ ಮುಳ್ಳ್ ತೆಗ್ದ್ ಕೊಟ್ಟದ್ದ್ ಯಾರ್?"

ಪಕ್ಕದ ಮೇಜಿನ ಇಬ್ಬರು ಗಂಡಸರು ನಕ್ಕರು. ಅವನಿಗೆ ನಕ್ಕರೋ ನನಗೆ ನಕ್ಕರೋ ಗೊತ್ತಾಗಲಿಲ್ಲ. ಆವತ್ತು ಎದ್ದು ಪರದೆಯ ಒಳಗೆ ಹೋದರೆ ಇನ್ನು ಯಾವ ಊರಿನಲ್ಲಿಯೂ ಎದುರಿನ ಮೇಜಿಗೆ ಹೋಗುವ ಧೈರ್ಯ ನನಗೆ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಏಳಲಿಲ್ಲ.

ಆಗ ಆಕೆ ಅಡುಗೆಮನೆಯಿಂದ ಬಂದರು. ಬೋಗುಣಿಯನ್ನು ಹಾಗೆಯೇ ತಂದು ನನ್ನ ಮುಂದೆ ಇಟ್ಟರು.

"ಅದ್ ಅವ್ರಿಗೆ ಇಟ್ಟದ್ದ್ ಅಲ್ದಾ?" ಎಂದ ಗಂಡ.

"ಮಾಡಿದ್ದ್ ನಾನ್," ಎಂದರು ಆಕೆ. ಅಷ್ಟೇ.

ನನಗೆ ಗೆದ್ದಷ್ಟು ಖುಷಿಯಾಯಿತು. ಅದೇ ಖುಷಿಯಲ್ಲಿ, "ನೀವ್ ಮಾಡಿದ್ ತಲೆ ಸಾರ್ ರುಚಿ ಹ್ಯಾಂಗಿರತ್ತ್, ನೀವೇ ಹೇಳಿ" ಎಂದೆ.

"ನಂಗೆ ಗೊತ್ತಿಲ್ಲೆ ಅಕ್ಕ. ಉಪ್ಪ್ ಕಾಂಬುಕೆ ಸಾರ್ ಮಾತ್ರ ನಾಲಿಗಿಗೆ ಮುಟ್ಸುದ್. ತಲೆ ಒಂದಿನವೂ ತಿನ್ಲಿಲ್ಲೆ."

ಹೋಟೆಲು ಶುರುವಾಗಿ ಹದಿನೆಂಟು ವರ್ಷವಂತೆ. ನನ್ನ ಖುಷಿಯೆಲ್ಲ ಜರ್ರನೆ ಇಳಿಯಿತು. ಎದುರಿನ ಕುರ್ಚಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿ, ಇನ್ನೊಂದು ತಟ್ಟೆ ಎಳೆದು, ಒಂದು ಹೋಳನ್ನು ಅದಕ್ಕೆ ಹಾಕಿದೆ.

"ನಾನ್ ಇನ್ನೂ ಕೈ ಹಾಕ್ಲಿಲ್ಲೆ, ಎಂಜಲಾಯಿಲ್ಲೆ. ಕೂಕಣಿ."

ಆಕೆ ರಸ್ತೆಯ ಕಡೆ ನೋಡಿದರು. ಪಕ್ಕದ ಮೇಜಿನವರನ್ನು ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಕೂತೇಬಿಟ್ಟರು. ಆಮೇಲೆ ಗಲ್ಲೆಯ ಕಡೆ ತಿರುಗಿ, "ಹ್ವಾಯ್, ಇಲ್ಲಿಗೆ ಅನ್ನ ತಕಂಡ್ ಬನಿ, ಎರಡ್ ಜನಕ್ಕೆ" ಎಂದರು.

ಅವನು ಗಲ್ಲೆಯಿಂದ ಎದ್ದ. ಮತ್ತೆ ಒಳಗೆ ಹೋಗಿ ಕುಚ್ಚಲಕ್ಕಿ ಅನ್ನ ತಂದು ಬಡಿಸಿದ. ಆಕೆ ಕೆನ್ನೆಯ ಮಾಂಸ ಬಿಡಿಸಿ ಬಾಯಿಗಿಟ್ಟು ನಿಧಾನಕ್ಕೆ ಜಗಿದರು. ಆಮೇಲೆ ಗಂಡನ ಮುಖವನ್ನೇ ನೋಡುತ್ತ ಕೇಳಿದರು.

"ನಾನ್ ಮಾಡಿದ್ದ್ ಇಷ್ಟ್ ಲಾಯ್ಕ್ ಇರತ್ತ್ ಅಂದೇಳಿ ನೀವ್ ಒಂದಿನವೂ ಹೇಳ್ಲಿಲ್ಲೆ ಅಲ್ದಾ?"