ರೋವರ್ಸ್ ಪುಸ್ತಕಕ್ಕೆ ಹಜೀರಾಬೀ ಸೇರಿಸಿದ ಹಾಳೆಗಳು

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಲಾಲ್ ಸಾಬ್ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ. ೧೯೫೬ರ ಬೇಸಿಗೆಯಲ್ಲಿ ಕಾಮಾಲೆಯಾಗಿ ತೀರಿಕೊಂಡ. ಅವನ ಹೆಂಡತಿ ಹಜೀರಾಬೀ, ಗಂಡ ಸತ್ತವರು ಪಾಲಿಸುವ ಇದ್ದತ್ತಿನ ದಿನಗಳಲ್ಲಿ, ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆದರೆ ಗಂಡ ಅರ್ಧಕ್ಕೆ ಬಿಟ್ಟಿದ್ದ ಹೈಸ್ಕೂಲಿನ ಹಾಜರಿ ಪುಸ್ತಕಗಳು ಮೂಲೆಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದವು. ಒಂದು ದಿನ ಸೂಜಿಗೆ ದಾರ ಪೋಣಿಸಿದಳು. ನಾಲ್ಕು ತಿಂಗಳ ನಂತರ ಬಾಗಿಲು ತೆರೆದಾಗ ಅಷ್ಟೂ ಪುಸ್ತಕ ಸಿದ್ಧವಾಗಿದ್ದವು. ಹೆಡ್‌ಮಾಸ್ತರರು ಒಂದನ್ನು ಬಿಡಿಸಿ, ಬೆನ್ನು ಒತ್ತಿ ನೋಡಿ, ಮರುವಾರ ಇನ್ನೊಂದು ಗಂಟು ಕಳಿಸಿದರು.

ಅವಳು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದ್ದಳು, ಉರ್ದು ತಾಯಿಯಿಂದ ಬಂದಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಚೆಲ್ಲಾಪಿಲ್ಲಿಯಾದ ಇಂಗ್ಲಿಷ್ ಪುಸ್ತಕವನ್ನು ಅವಳಷ್ಟು ಸರಿಯಾಗಿ ಜೋಡಿಸುವವರು ಊರಿನಲ್ಲಿ ಇರಲಿಲ್ಲ. ಪುಟದ ಅಂಕಿ ಹರಿದುಹೋಗಿದ್ದರೆ ಹುಳು ಕೊರೆದ ತೂತು ನೋಡುತ್ತಿದ್ದಳು. ಹುಳು ಒಂದು ಹಾಳೆಯಿಂದ ಮುಂದಿನದಕ್ಕೆ ನೇರವಾಗಿ ಹೋಗುತ್ತದೆ, ತೂತಿಗೆ ತೂತು ಕೂಡಿಸಿದರೆ ಪುಟಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

೧೯೬೧ರ ದೀಪಾವಳಿಯ ಸುಮಾರಿಗೆ ಹರಿಹರದಿಂದ ಭರಮಣ್ಣ ಎಂಬುವನು ಬಂದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬಗಲಲ್ಲಿ ಟವೆಲಿನಲ್ಲಿ ಸುತ್ತಿದ ಮೂರು ಪುಸ್ತಕ.

"ಬೀಬಮ್ಮ, ಮಳೆಗಾಲದಾಗೆ ಸೂರು ಸೋರಿ ಇವು ನೆಂದುಬಿಟ್ಟವೆ. ನೋಡ್ರಿ, ಬೆನ್ನೆಲ್ಲ ಬಿಚ್ಚಿಕೊಂಡೈತೆ. ನಮ್ಮ ಕ್ಲಬ್ಬಿನವು."

"ಯಾವ ಕ್ಲಬ್ಬಣ್ಣ?"

"ಹರಿಹರ ರೋವರ್ಸ್ ಅಂತ. ಫುಟ್‌ಬಾಲ್ ಆಡ್ತೀವಿ."

ಹಜೀರಾಬೀಯ ಕೈಯಲ್ಲಿದ್ದ ಕತ್ತರಿ ಹಾಗೆಯೇ ನಿಂತಿತು.

ಆ ಹೆಸರು ಅವಳಿಗೆ ಹೊಸದಲ್ಲ. ಅವಳು ಮದುವೆಯಾಗಿ ಬಂದಾಗ ಲಾಲ್ ಸಾಬ್ ದಾವಣಗೆರೆ ರೋವರ್ಸ್ ತಂಡದಲ್ಲಿ ಆಡುತ್ತಿದ್ದ. ಕಪ್ಪು ಹಳದಿ ಪಟ್ಟೆಯ ಹನ್ನೊಂದು ಅಂಗಿ ಇದೇ ಮನೆಯ ಹಿತ್ತಿಲಲ್ಲಿ ಒಣಗುತ್ತಿದ್ದವು, ಒಗೆಯುತ್ತಿದ್ದವಳು ಅವಳೇ. ೧೯೪೭ರಲ್ಲಿ ಒಂದು ದಿನ ಲಾಲ್ ಸಾಬ್ ಅಂಗಿಗಳ ಗಂಟು ಹೊತ್ತು ಹರಿಹರಕ್ಕೆ ಹೋದವನು ಬರಿಗೈಯಲ್ಲಿ ಬಂದ. ಮುಖ ಗಂಟಾಗಿತ್ತು. ಕೇಳಿದರೆ, "ಹೋದವು ಬಿಡು" ಎಂದನೇ ಹೊರತು ಮತ್ತೇನೂ ಹೇಳಲಿಲ್ಲ. ಆಮೇಲೆ ದಾವಣಗೆರೆಯಲ್ಲಿ ತಂಡವೇ ಇಲ್ಲವಾಯಿತು. ಹರಿಹರದಲ್ಲಿ ಅದೇ ಹೆಸರಿನ ತಂಡ ಎದ್ದು ನಿಂತಿತು. ಹರಿಹರದವರು ಕಸಿದುಕೊಂಡರು ಎಂದು ಹಜೀರಾಬೀ ಹದಿನಾಲ್ಕು ವರ್ಷ ನಂಬಿಕೊಂಡು ಬಂದಿದ್ದಳು.

ಕತ್ತರಿ ಕೆಳಗಿಟ್ಟಳು. "ಇವುಗಳಾಗೆ ಏನು ಬರದೈತೆ?" ಎಂದಷ್ಟೇ ಕೇಳಿದಳು.

ಭರಮಣ್ಣನಿಗೆ ಹೇಳುವುದೆಂದರೆ ಖುಷಿ. ಕಾರ್ಖಾನೆಗೆ ಬಂದಿದ್ದ ಇಂಗ್ಲಿಷ್ ಎಂಜಿನಿಯರೊಬ್ಬರು ತಮ್ಮ ಊರಿಗೆ ಮರಳಿದ ಮೇಲೆ ಕಳಿಸಿದ ಪುಸ್ತಕಗಳಂತೆ. ಅವರ ಊರು ಥಾರ್ನ್‌ಬಿ. ಅಲ್ಲಿನ ಥಾರ್ನ್‌ಬಿ ರೋವರ್ಸ್ ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡ. ಮೊದಲ ಪುಸ್ತಕದಲ್ಲಿ ತಂಡದ ಐವತ್ತು ವರ್ಷದ ಕಥೆ, ಎರಡನೆಯದರಲ್ಲಿ ಆಟಗಾರರ ಜೀವನ. ಮೂರನೆಯದು ತೆಳ್ಳಗಿತ್ತು. ಥಾರ್ನ್‌ಬಿಯಿಂದ ಹೊರಟ ಗಿರಣಿ ಕೆಲಸದವರು, ಹಡಗಿನವರು, ಸಿಪಾಯಿಗಳು ಹೋದಹೋದಲ್ಲಿ ಕಟ್ಟಿದ ಅದೇ ಹೆಸರಿನ ತಂಡಗಳ ಲೆಕ್ಕ ಅದರಲ್ಲಿತ್ತು.

"ರೋವರ್ಸ್ ಅಂದ್ರೆ ಊರೂರು ತಿರುಗೋರು ಅಂತ," ಎಂದು ಭರಮಣ್ಣ ತೆಳ್ಳಗಿನ ಪುಸ್ತಕದ ಕೊನೆಯ ಪುಟ ತೆಗೆದ. "ಇಲ್ಲಿ ನೋಡ್ರಿ. ಹರಿಹರ, ಮೈಸೂರು ರಾಜ್ಯ. ನಮ್ಮೂರು! ಆ ಎಂಜಿನಿಯರೇ ಬರೆಸ್ಯಾರೆ, ಅಚ್ಚಾಗೈತೆ!"

"ದಾವಣಗೆರೆ ಎಲ್ಲೈತೆ?"

"ದಾವಣಗೆರೆ ಇಲ್ಲ."

ಅವನು ಹೋದ ಮೇಲೆ ಅವಳು ಆ ಪುಟವನ್ನು ಎಷ್ಟೋ ಹೊತ್ತು ನೋಡಿದಳು. ಓದಲು ಬರದಿದ್ದರೂ ಹರಿಹರ ಎಂಬ ಅಕ್ಷರಗಳ ಜಾಗ ಈಗ ಗೊತ್ತಾಗಿತ್ತು. ಹತ್ತು ದಿನ ಹಾಳೆಗಳನ್ನು ಒಣಗಿಸಿ, ಜೋಡಿಸಿ, ಹೊಲಿದಳು. ಮೂರನೆಯ ಪುಸ್ತಕ ಹೊಲಿಯುವಾಗ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಇಟ್ಟು ಸೇರಿಸಿಬಿಟ್ಟಳು.

ಪುಸ್ತಕ ಒಯ್ಯಲು ಬಂದ ಭರಮಣ್ಣ ಹಾಳೆ ತಿರುವುತ್ತಾ ಅಲ್ಲಿಗೆ ಬಂದು ನಿಂತ. "ಇದೇನ್ರಿ, ಖಾಲಿ ಹಾಳೆ?"

"ನಿಮ್ಮೂರಿನ ಹೆಸರು ಐತೆ, ನಮ್ಮೂರಿಂದು ಇಲ್ಲ. ಬರೀಬೇಕು ಅಂತ ಜಾಗ ಬಿಟ್ಟೀನಿ. ನಮ್ಮೋರೇ ಮೊದಲು ಆಡಿದ್ದು. ಹೆಸರು ನಮ್ಮದು, ನೀವು ಕಸಕೊಂಡ್ರಿ."

ಭರಮಣ್ಣನ ಮುಖ ಕೆಂಪಾಯಿತು. "ನಾವು ಯಾಕ ಕಸಕೊಳ್ಳನ? ನಮ್ಮ ಹಿರೇರು ಸ್ವಂತ ಕಟ್ಟಿದ ತಂಡ ಅದು. ಬಾಯಿಮಾತು ಹಿಡಕೊಂಡು ಅಚ್ಚಾದ ಪುಸ್ತಕದಾಗೆ ಬರಿಯಕ್ಕಾಗುತ್ತಾ?"

"ಪುರಾವೆ ತಂದ್ರೆ?"

"ತರ್ರಿ ನೋಡನ. ತಂದ್ರೆ ನಾನೇ ಜಾಗ ಕೊಡ್ತೀನಿ." ಎರಡು ಪುಸ್ತಕ ಎತ್ತಿಕೊಂಡು, ಮೂರನೆಯದನ್ನು ಅಲ್ಲಿಯೇ ಬಿಟ್ಟು ದಡದಡ ಇಳಿದು ಹೋದ.

ಮೂವತ್ತೆಂಟು ವರ್ಷವಾದರೂ ಹಜೀರಾಬೀ ಒಬ್ಬಳೇ ಊರು ಬಿಟ್ಟು ಹೋದವಳಲ್ಲ. ಈಗ ಹೊರಟಳು. ಮೊದಲು ತಂಡದವರು ದುಡಿಯುತ್ತಿದ್ದ ಬಟ್ಟೆ ಗಿರಣಿಯ ಗೇಟಿಗೆ ಹೋದಳು, ಅಲ್ಲಿ ಹಳಬರು ಯಾರೂ ಉಳಿದಿರಲಿಲ್ಲ. ಆವರಗೆರೆಗೆ ಹೋದಳು. ಅಲ್ಲಿ ತಂಡದ ಗೋಲ್‌ಕೀಪರ್ ಆಗಿದ್ದವನು ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಮಗಳು ನೀರು ಕೊಟ್ಟು ಕೂರಿಸಿ, "ಮಾಯಕೊಂಡದ ದುರುಗಣ್ಣಜ್ಜನ್ನ ಕೇಳ್ರಿ. ಅಪ್ಪನ ಜೊತೆ ಆಡ್ತಿದ್ದೋರ ಪೈಕಿ ಉಳಿದಿರೋದು ಅವರೊಬ್ಬರೇ" ಎಂದಳು.

ಬೆಳಗಿನ ರೈಲಿಗೆ ಮಾಯಕೊಂಡಕ್ಕೆ ಹೋದಳು. ದುರುಗಣ್ಣ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಲಾಲ್ ಸಾಬನ ಹೆಂಡತಿ ಎಂದು ತಿಳಿದದ್ದೇ ತಡ, ಹಗ್ಗ ಬದಿಗಿಟ್ಟು ಎದ್ದು ನಿಂತ.

"ಬಾ ತಾಯಿ, ಕೂಡು. ನಿನ್ನ ಕೈಯಾಗೆ ಒಗೆದ ಅಂಗಿ ತೊಟ್ಟೋನು ನಾನು."

ಅವನು ಒಳಗಿನಿಂದ ಟ್ರಂಕು ಎಳೆದು ತಂದ. ಅದರ ತಳದಲ್ಲಿ ದಪ್ಪ ಕಾಗದಕ್ಕೆ ಅಂಟಿಸಿದ ಒಂದು ಫೋಟೋ. ಹನ್ನೊಂದು ಜನ, ಪಟ್ಟೆಯಂಗಿ, ಮುಂದೆ ಒಂದು ಹಲಗೆಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಅಕ್ಷರ: ದಾವಣಗೆರೆ ರೋವರ್ಸ್, ೧೯೩೯. ನಡುವೆ ಕಾಲರಿಗೆ ಗುಂಡಿ ಹಾಕದ ಲಾಲ್ ಸಾಬ್. ಅವಳು ಮದುವೆಯಾದಾಗ ಅವನು ಹೀಗೆಯೇ ಇದ್ದ. ಸೆರಗಿನಿಂದ ಗಾಜಿಲ್ಲದ ಆ ಫೋಟೋವನ್ನು ಮೆಲ್ಲಗೆ ಒರೆಸಿದಳು.

"ಗಿರಣಿಗೆ ನೇಯ್ಗೆ ಕೆಲಸ ಕಲಿಸಾಕೆ ಒಬ್ಬ ಬಿಳಿ ದೊರೆ ಬಂದಿದ್ದ," ಎಂದ ದುರುಗಣ್ಣ. "ಥಾರ್ನ್‌ಬಿಯೋನು. ಅವನೇ ಚೆಂಡು ತಂದುಕೊಟ್ಟು ಹೆಸರಿಟ್ಟಿದ್ದು."

ಪುರಾವೆ ಸಿಕ್ಕಿತ್ತು. "ಹಂಗಾದ್ರೆ ಹರಿಹರದೋರು ಹೆಂಗೆ ಕಸಕೊಂಡ್ರಜ್ಜ?"

ದುರುಗಣ್ಣ ಅವಳ ಮುಖ ನೋಡಿದ. "ಕಸಕೊಂಡ್ರಾ? ಯಾರಂದ್ರು? ಲಾಲ್ ಸಾಬೇ ಕೊಟ್ಟ ತಾಯಿ. ನಾನು ಜೊತೆಗೆ ಹೋಗಿದ್ದೆ. ಅವನ ಮೊಣಕಾಲು ಹೋಗಿತ್ತು. ನಮ್ಮ ಹುಡುಗ್ರು ಒಬ್ಬೊಬ್ಬರೇ ಮೈದಾನ ಬಿಟ್ಟಿದ್ರು, ಏಳು ಜನನೂ ಕೂಡ್ತಿರಲಿಲ್ಲ. ಹರಿಹರದಾಗೆ ಹೊಳೆದಂಡಿ ಮೇಲೆ ಪಡ್ಡೆಗಳು ಬರೀ ಮೈಯಾಗೆ ಆಡ್ತಿದ್ವು. ಗಂಟು ಬಿಚ್ಚಿ ಹಾಕಿದ. ಟ್ರಂಕಿನಾಗೆ ಇಟ್ಟು ಹುಳ ತಿನ್ನಿಸೋದ್ಕಿಂತ ನೀವು ತೊಟ್ಕೊಳ್ರೋ, ಹೆಸರು ಮಾತ್ರ ಬದಲು ಮಾಡಬ್ಯಾಡ್ರಿ ಅಂದ. ಬರ್ತಾ ರೈಲಿನಾಗೆ ಅತ್ತ."

ಫೋಟೋವನ್ನು ಅವನು ಅವಳಿಗೇ ಕೊಟ್ಟುಬಿಟ್ಟ. ತಿರುಗಿ ಬರುವಾಗ ಅವಳು ಕಿಟಕಿಯ ಪಕ್ಕದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಭರಮಣ್ಣನಿಗೆ ಫೋಟೋ ಒಂದೇ ತೋರಿಸಿದರೆ ಸಾಕಾಗಿತ್ತು. ಮೊದಲು ಆಡಿದವರು ದಾವಣಗೆರೆಯವರು, ಮಾತು ಗೆದ್ದಂತೆ. ಅಂಗಿಯ ವಿಷಯ ಈ ಕಡೆ ದುರುಗಣ್ಣನಿಗೂ ಅವಳಿಗೂ ಬಿಟ್ಟರೆ ಯಾರಿಗೂ ತಿಳಿದಿಲ್ಲ, ಭರಮಣ್ಣನಿಗೂ ತಿಳಿದಂತಿಲ್ಲ. ಹಾಗಂತ ಸುಮ್ಮನಿದ್ದರೆ ಲಾಲ್ ಸಾಬ್ ಮಾಡಿದ ಅಷ್ಟು ದೊಡ್ಡ ಕೆಲಸ ಅವನ ಜೊತೆಗೇ ಮಣ್ಣಾಗುತ್ತದೆ. ಹೆಂಡತಿಗೂ ಹೇಳದಷ್ಟು ನೋವಾಗಿತ್ತು ಅವನಿಗೆ. ಆ ನೋವನ್ನು ತಾನು ಇಷ್ಟು ವರ್ಷ ಬೇರೆಯವರ ಮೇಲಿನ ಸಿಟ್ಟಾಗಿ ಸಾಕಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ರೈಲು ದಾವಣಗೆರೆ ಸೇರುವ ಹೊತ್ತಿಗೆ ನಿಶ್ಚಯ ಮಾಡಿಯಾಗಿತ್ತು.

ಬರೆಯಲು ಕೂತರೆ ಅಕ್ಷರ ಗುಂಡಗೆ ಬರಲೊಲ್ಲದು. ನಾಲ್ಕನೇ ಇಯತ್ತೆಯ ಕೈ. ಮೊದಲು ಸ್ಲೇಟಿನ ಮೇಲೆ ಬರೆದು, ತಿದ್ದಿ, ಆಮೇಲೆ ಹಾಳೆಗೆ ಇಳಿಸಿದಳು. ದೊರೆ ತಂದ ಚೆಂಡು, ಹನ್ನೊಂದು ಜನರ ಹೆಸರು, ಯಾರು ಗಿರಣಿಯ ಯಾವ ಖಾತೆಯಲ್ಲಿ ದುಡಿಯುತ್ತಿದ್ದರು, ಹೊಳೆದಂಡೆಯಲ್ಲಿ ಬಿಚ್ಚಿದ ಗಂಟು, ಎಲ್ಲವನ್ನೂ ಬರೆದಳು. ಹರಿಹರದವರ ಬಗ್ಗೆ ತಾನು ತಪ್ಪು ತಿಳಿದಿದ್ದೆ ಎಂಬುದನ್ನೂ ಬಿಡಲಿಲ್ಲ. ನಾಲ್ಕು ಹಾಳೆ ಸಾಲಲಿಲ್ಲ. ಕಟ್ಟಿದ ಪುಸ್ತಕವನ್ನು ಬಿಚ್ಚಿ ಇನ್ನೂ ನಾಲ್ಕು ಸೇರಿಸಿ ಮತ್ತೆ ಹೊಲಿದಳು.

ಈ ಸಲ ಪುಸ್ತಕ ತೆಗೆದುಕೊಂಡು ಅವಳೇ ಹರಿಹರಕ್ಕೆ ಹೋದಳು. ಭರಮಣ್ಣ ಮನೆಯ ಕಟ್ಟೆಯ ಮೇಲೆ ಕೂತು ಎಂಟೂ ಹಾಳೆ ಓದಿದ. ಒಂದು ಸಲ ನಿಂತು, ಹಿಂದಿನ ಪುಟಕ್ಕೆ ಹೋಗಿ, ಮತ್ತೆ ಓದಿದ.

"ಹನ್ನೊಂದು ಅಂಗಿಯಾಗೆ ಒಂದು ನಮ್ಮಣ್ಣಂಗೆ ಸಿಕ್ಕಿತ್ತು," ಎಂದ ಕೊನೆಗೆ. "ದೊಡ್ಡೋರು ಹೊಲಿಸಿಕೊಟ್ಟಾರೆ ಅಂದ್ಕೊಂಡಿದ್ದೆ ಬೀಬಮ್ಮ. ನಾನಾಗ ಸಣ್ಣೋನು. ಕೊಟ್ಟೋರು ಯಾರಂತ ಒಬ್ಬರೂ ಹೇಳಲಿಲ್ಲ ನಮಗೆ."

"ನನಗೂ ಹೇಳಲಿಲ್ಲಪ್ಪ."

ಒಳಗಿನಿಂದ ಅವನ ಹೆಂಡತಿ ಗಿರಿಯಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟು, "ಊಟಕ್ಕೆ ಇದ್ದು ಹೋಗ್ರಿ ಅಕ್ಕ" ಎಂದಳು. ಹಜೀರಾಬೀ ಇದ್ದಳು.

ಭರಮಣ್ಣ ಆ ಬರಹವನ್ನು ತನಗೆ ಬಂದ ಇಂಗ್ಲಿಷಿಗೆ ತಿರುಗಿಸಿ, ಫೋಟೋದ ಪ್ರತಿ ತೆಗೆಸಿ, ಥಾರ್ನ್‌ಬಿಗೆ ಕಳಿಸಿದ. ಏಳು ತಿಂಗಳ ಮೇಲೆ ಉತ್ತರ ಬಂತು. ಪುಸ್ತಕ ಮತ್ತೆ ಅಚ್ಚಾದರೆ ದಾವಣಗೆರೆಯನ್ನು ಖಂಡಿತ ಸೇರಿಸುತ್ತೇವೆ, ಯಾವಾಗ ಅಚ್ಚಾಗುತ್ತದೆಂದು ಮಾತ್ರ ಹೇಳಲಾರೆವು ಎಂದು ಬರೆದಿದ್ದರು. ಭರಮಣ್ಣನ ಮುಖ ಸಪ್ಪೆಯಾಯಿತು. ಹಜೀರಾಬೀ ಕಾಗದ ಮಡಚುತ್ತಾ, "ಅವರು ಇಂಗ್ಲಿಷಿನಾಗೆ ಯಾವಾಗಾದ್ರೂ ಮಾಡಲಿ. ಕನ್ನಡದಾಗೆ ನಾವೇ ಮಾಡನ" ಎಂದಳು.

ಮಂಡಿಪೇಟೆಯ ಮುದ್ರಣಾಲಯದವರು ಅವಳ ಕೈಯ ಕೆಲಸ ಬಲ್ಲವರು, ಅಚ್ಚು ಹಾಕಿಕೊಟ್ಟರು. ಇನ್ನೂರು ಪ್ರತಿ. ಹೊಲಿದವಳು ಹಜೀರಾಬೀ. 'ರೋವರ್ಸ್: ದಾವಣಗೆರೆ ಮತ್ತು ಹರಿಹರ' ಎಂದು ಮೇಲೆ ಹೆಸರು. ಪ್ರತಿಗಳು ಹರಿಹರದ ಕಾರ್ಖಾನೆಯಲ್ಲೂ ದಾವಣಗೆರೆಯ ಗಿರಣಿಗಳಲ್ಲೂ ಕೈಯಿಂದ ಕೈಗೆ ಹೋದವು. ತಮ್ಮೂರಿಗೂ ಒಂದು ತಂಡವಿತ್ತೆಂದು ಗಿರಣಿಯ ಪಡ್ಡೆಗಳಿಗೆ ಗೊತ್ತಾದದ್ದೇ ಆಗ. ೧೯೬೪ರ ಯುಗಾದಿ ಕಳೆದು ಎರಡು ವಾರಕ್ಕೆ ದಾವಣಗೆರೆ ರೋವರ್ಸ್ ತಂಡವನ್ನು ಅವರು ಮತ್ತೆ ಕಟ್ಟಿದರು. ಮೊದಲ ಆಟ ಹರಿಹರದ ಮೇಲೆ, ಹರಿಹರದಲ್ಲೇ.

ಭರಮಣ್ಣ ಹಜೀರಾಬೀಗೂ ದುರುಗಣ್ಣನಿಗೂ ಬೆಂಚು ಹಾಕಿಸಿದ್ದ. ಅಷ್ಟು ವರ್ಷ ಅಂಗಿ ಒಗೆದವಳು ಅವತ್ತಿನವರೆಗೆ ಒಂದು ಆಟವನ್ನೂ ಕಂಡಿರಲಿಲ್ಲ. ಚೆಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಂತೆಲ್ಲ ಅವಳ ತಲೆ ಅತ್ತಿತ್ತ ತಿರುಗುತ್ತಿತ್ತು.

"ಅಜ್ಜ, ಇಬ್ಬರೂ ರೋವರ್ಸ್ ಅಂದ್ರೆ ಯಾರಿಗೆ ಅಂತ ಕೂಗೋದು?" ಎಂದು ಕೇಳಿದಳು.

"ಚೆಂಡು ಯಾರ ಕಾಲಾಗೈತೋ ಅವರಿಗೆ ಕೂಗು ತಾಯಿ," ಎಂದ ದುರುಗಣ್ಣ.

ದಾವಣಗೆರೆ ಒಂದಕ್ಕೆ ಮೂರು ಗೋಲಿನಿಂದ ಸೋತಿತು. ಆ ಒಂದು ಗೋಲು ಬಿದ್ದಾಗ ಹಜೀರಾಬೀ ಬೆಂಚಿನಿಂದ ಎದ್ದು ನಿಂತಿದ್ದಳು, ಕೂಗಿಯೂ ಇದ್ದಳು. ಆಟ ಮುಗಿದ ಮೇಲೆ ಧೂಳು ತುಂಬಿದ ಇಪ್ಪತ್ತೆರಡು ಜನ ಬಂದು ಅವಳನ್ನು ಸುತ್ತುವರಿದರು. ಇವತ್ತಿನ ಆಟವನ್ನು ಯಾರು ಬರೆಯುತ್ತಾರೆ ಎಂದು ಒಬ್ಬ ಕೇಳಿದ.

"ನೀವೇ ಬರೀರಿ," ಎಂದಳು ಹಜೀರಾಬೀ. "ಹೊಲಿದು ಕೊಡೋದು ನನಗಿರಲಿ."